ಫ್ರಾನ್ಸ್ ಮೇಲೆ ಯುದ್ಧ ಬೇಡವೆಂದ ತರಗತಿ

ಮೊದಲ ಸಲ ಮತ ಹಾಕಲು ಹೋದ ದಿನ ನನ್ನನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿದ್ದು ಒಂದು ವಾಸನೆ. 2008ರ ನವೆಂಬರ್. ಅಮೆರಿಕದ ಪೌರತ್ವ ಬಂದು ನಾಲ್ಕು ತಿಂಗಳಾಗಿತ್ತು. ಲೊಂಬಾರ್ಡಿನ ಅಪಾರ್ಟ್‌ಮೆಂಟ್ ಬಿಟ್ಟು ವೆಸ್ಟ್‌ಮಂಟ್‌ನಲ್ಲಿ ಮನೆ ಮಾಡಿದ್ದೆವು. ನಾನು ಹಿಂದೆ ಪಾಠ ಮಾಡಿದ ಮಿಡ್ಲ್ ಸ್ಕೂಲಿನ ಜಿಮ್ಮೇ ನಮ್ಮ ಮತಗಟ್ಟೆ ಎಂದು ಮತದಾರರ ಕಾರ್ಡಿನಲ್ಲಿ ಅಚ್ಚಾಗಿತ್ತು. ಗೊತ್ತಿದ್ದೇ ಹೋದೆ. ಆದರೂ ಬಾಗಿಲು ತಳ್ಳಿದೊಡನೆ ನೆಲಕ್ಕೆ ಉಜ್ಜಿದ ಮೇಣದ ವಾಸನೆ, ಅದರ ಬೆನ್ನಿಗೇ ಕೆಫೆಟೇರಿಯಾದ ಕರಿದ ಆಲೂಗಡ್ಡೆಯ ವಾಸನೆ ಮೂಗಿಗೆ ಬಡಿಯಿತು. ಸಾಲು ಕಾರಿಡಾರಿನುದ್ದಕ್ಕೂ ಇತ್ತು. ಸರಿಯುತ್ತ ಸರಿಯುತ್ತ ನನ್ನ ಹಳೆಯ ತರಗತಿ, 114ನೇ ಕೋಣೆಯ ಎದುರು ಬಂದು ನಿಂತೆ. ಅಲ್ಲಿಂದ ಮುಂದಿನ ಇಪ್ಪತ್ತು ನಿಮಿಷ ನಾನು ಸಾಲಿನಲ್ಲಿರಲಿಲ್ಲ, 2003ರಲ್ಲಿದ್ದೆ.

ಆ ವರ್ಷ ನಮ್ಮ ಮನೆಯಲ್ಲಿ ಕೆಲಸವಿದ್ದದ್ದು ನನಗೊಬ್ಬಳಿಗೆ. ನನ್ನ ಗಂಡ ಬಸವರಾಜ್ ಪಾಟೀಲ್, ಗದಗಿನವರು, ಡೆಸ್ ಪ್ಲೇನ್ಸ್‌ನಲ್ಲಿ ವಿಮಾನದ ಸರಕು ಸಾಗಿಸುವ ಒಂದು ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿದ್ದರು. ಹಿಂದಿನ ಅಕ್ಟೋಬರಿನಲ್ಲಿ ಆ ವಿಭಾಗವನ್ನೇ ಮುಚ್ಚಿದರು. ನಾನು ಮೈಸೂರಿನಲ್ಲಿ ಇತಿಹಾಸ ಎಂ.ಎ. ಮಾಡಿ, ಹುಣಸೂರಿನ ಪಿಯು ಕಾಲೇಜಿನಲ್ಲಿ ಆರು ವರ್ಷ ಪಾಠ ಮಾಡಿದವಳು. ಇಲ್ಲಿಗೆ ಬಂದ ಮೇಲೆ ಸಂಜೆ ಕ್ಲಾಸಿಗೆ ಹೋಗಿ ಟೀಚರ್ ಸರ್ಟಿಫಿಕೇಟ್ ಪಡೆದಿದ್ದೆ. ಆದರೂ ಸಿಗುತ್ತಿದ್ದದ್ದು ರಜೆ ಹಾಕಿದವರ ಜಾಗದಲ್ಲಿ ಒಂದು ದಿನ, ಎರಡು ದಿನದ ಕೆಲಸ. ಬೆಳಗಿನ ಐದೂವರೆಗೆ ಫೋನ್ ಬರುತ್ತಿತ್ತು: ಇಂದು ಗಣಿತ, ನಾಳೆ ಪಿ.ಟಿ.

ಫೆಬ್ರವರಿಯ ಒಂದು ಗುರುವಾರ ಫೋನ್ ಮಾಡಿದವರು ಸ್ವತಃ ಪ್ರಿನ್ಸಿಪಾಲ್, ಡಾಕ್ಟರ್ ಬೆಕರ್. ಎಂಟನೇ ತರಗತಿಗೆ ಅಮೆರಿಕದ ಇತಿಹಾಸ ಕಲಿಸುವ ನೊವಾಕ್ ಎಂಬ ಮೇಷ್ಟ್ರು ಸೈನ್ಯದ ರಿಸರ್ವ್‌ನಲ್ಲಿದ್ದರಂತೆ. ಕರೆ ಬಂದಿದೆ, ಸೋಮವಾರ ಹಾಜರಾಗಬೇಕು. "ಅವರು ವಾಪಸ್ ಬರೋವರೆಗೂ ನೀವು ಕ್ಲಾಸ್ ತಗೋತೀರಾ? ಇನ್ಶೂರೆನ್ಸ್ ಕೂಡ ಇರುತ್ತೆ" ಎಂದರು. ಮಗಳು ಸ್ನೇಹಾಗೆ ಆಗ ಒಂಬತ್ತು ವರ್ಷ, ಉಬ್ಬಸದ ಮಗು. ಇನ್ಶೂರೆನ್ಸ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಾನು ಬೇರೇನನ್ನೂ ಕೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ನೊವಾಕ್ ಅವರನ್ನು ಕಂಡೆ. ನಲವತ್ತರ ಆಸುಪಾಸು, ಬೋಳುತಲೆ, ಆರಡಿ ಮೀರಿದ ಎತ್ತರ. ಮೇಜಿನ ಸಾಮಾನನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬುತ್ತಿದ್ದರು. ಕೋಣೆಯ ಬೀಗದ ಕೈ ಕೊಟ್ಟರು. ಆಮೇಲೆ ದಪ್ಪನೆಯ ಕಪ್ಪು ಫೈಲೊಂದನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ವರ್ಷದ ಪಾಠವೆಲ್ಲ ಅದರಲ್ಲಿತ್ತು, ಅಂಚಿನಲ್ಲೆಲ್ಲ ಹಸಿರು ಶಾಯಿಯ ಟಿಪ್ಪಣಿ.

"ಎರಡು ವಾರ ನಿಮ್ಮನ್ನ ಗೋಳು ಹುಯ್ಕೋತಾರೆ. ಆಮೇಲೆ ನಿಮ್ಮೋರೇ ಆಗ್ತಾರೆ" ಎಂದರು. ಬಾಗಿಲ ತನಕ ಹೋಗಿ ತಿರುಗಿ, "1798 ಮಾತ್ರ ಬಿಡಬೇಡಿ" ಎಂದರು.

ಆ ಪಾಠದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಅಮೆರಿಕ ಸ್ವತಂತ್ರವಾಗಿ ಇನ್ನೂ ಇಪ್ಪತ್ತೈದು ವರ್ಷವಾಗಿರಲಿಲ್ಲ. ಆಚೆ ಯುರೋಪಿನಲ್ಲಿ ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ. ಇಂಗ್ಲೆಂಡಿನ ಜೊತೆ ವ್ಯಾಪಾರ ಮಾಡುತ್ತೀರೆಂದು ಫ್ರಾನ್ಸ್ ಅಮೆರಿಕದ ಹಡಗುಗಳನ್ನು ಹಿಡಿಯತೊಡಗಿತು. ಮಾತಾಡಿ ಬರಲು ಹೋದ ರಾಯಭಾರಿಗಳಿಂದ ಪ್ಯಾರಿಸ್‌ನಲ್ಲಿ ಲಂಚ ಕೇಳಿದರು. ಸುದ್ದಿ ತಿಳಿದು ದೇಶ ಕುದಿಯಿತು. ಆಳುವ ಫೆಡರಲಿಸ್ಟರು ಇಂಗ್ಲೆಂಡಿನ ಕಡೆ ವಾಲಿದವರು. ಎದುರು ಪಕ್ಷದ ರಿಪಬ್ಲಿಕನ್ನರು, ಈಗಿನ ಆ ಹೆಸರಿನ ಪಕ್ಷವಲ್ಲ, ಫ್ರಾನ್ಸಿನ ಕಡೆ. ಇವರು ಅವರನ್ನು ಪರದೇಶದ ಏಜೆಂಟರೆಂದರು, ಅವರು ಇವರನ್ನು. ಅದೇ ಬಿಸಿಯಲ್ಲಿ ಕಾನೂನುಗಳು ಬಂದವು: ಅಧ್ಯಕ್ಷರ ಒಂದು ಮಾತಿನ ಮೇಲೆ ಪರದೇಶಿಯನ್ನು ಗಡೀಪಾರು ಮಾಡಬಹುದು, ಸರ್ಕಾರವನ್ನು ಹಳಿದು ಬರೆದರೆ ಜೈಲು, ಪೌರನಾಗಲು ಐದು ವರ್ಷ ಸಾಲದು, ಹದಿನಾಲ್ಕು ವರ್ಷ ಕಾಯಬೇಕು. ಸಮುದ್ರದಲ್ಲಿ ಹಡಗುಗಳು ಆಗಲೇ ಗುಂಡು ಹಾರಿಸುತ್ತಿದ್ದವು. ಯುದ್ಧ ಸಾರಿದ್ದರೆ ದೇಶದ ಎರಡನೆಯ ಅಧ್ಯಕ್ಷರು ಜನರ ಕಣ್ಣಲ್ಲಿ ಹೀರೋ ಆಗುತ್ತಿದ್ದರು. ಅವರು ಸಾರಲಿಲ್ಲ. ಮತ್ತೆ ರಾಯಭಾರಿಗಳನ್ನೇ ಕಳಿಸಿದರು. ಸ್ವಂತ ಪಕ್ಷವೇ ತಿರುಗಿಬಿತ್ತು, ಮುಂದಿನ ಚುನಾವಣೆಯಲ್ಲಿ ಸೋತರು.

ನೊವಾಕ್ ಇದನ್ನು ಪ್ರತಿವರ್ಷ ಚರ್ಚಾಕೂಟವಾಗಿ ಮಾಡಿಸುತ್ತಿದ್ದರು. ಅರ್ಧ ತರಗತಿ ಯುದ್ಧ ಬೇಕೆನ್ನಬೇಕು, ಇನ್ನರ್ಧ ಬೇಡವೆನ್ನಬೇಕು, ಕೊನೆಗೆ ಮತ. ಹಸಿರು ಶಾಯಿಯಲ್ಲಿ ಬರೆದಿದ್ದರು: "ಚೀಟಿ ಎತ್ತಿಸಿ. ಯಾರಿಗೂ ಪಕ್ಷ ಆರಿಸಲು ಬಿಡಬೇಡಿ. ತನಗೆ ಬಂದ ಪಕ್ಷವನ್ನು ದ್ವೇಷಿಸುವವರೇ ಹೆಚ್ಚು ಕಲಿಯುವುದು."

ಇಂಗ್ಲಿಷಿನಲ್ಲಿ ಏಲಿಯನ್ ಎನ್ನುವ ಪರದೇಶಿಗಳ ಕಾನೂನು ಹೇಳುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ. "ಮಿಸೆಸ್ ಪಾಟೀಲ್, ನೀವೂ ಏಲಿಯನ್ನಾ?"

ತರಗತಿ ನಕ್ಕಿತು. ನಾನೂ ನಕ್ಕು, "ಹೌದು. ನನ್ನ ಗ್ರೀನ್ ಕಾರ್ಡಿನಲ್ಲಿ ಏಲಿಯನ್ ನಂಬರ್ ಇದೆ" ಎಂದೆ. ನಗು ತಟ್ಟನೆ ನಿಂತಿತು. ಕಾನೂನು ಪುಸ್ತಕದಲ್ಲಿದ್ದಾಗ ಅವರಿಗೆ ತಮಾಷೆಯಾಗಿತ್ತು. ಅದು ಎದುರಿಗೆ ಕಾರ್ಡಿಗನ್ ಹಾಕಿಕೊಂಡು ನಿಂತಾಗ ಏನು ಮಾಡಬೇಕೆಂದು ತೋಚಲಿಲ್ಲ. ಆ ದಿನದಿಂದ ಅವರು ಚೂರು ಚೂರು ನನ್ನವರಾದರು.

ಅಷ್ಟರಲ್ಲಿ ಹೊರಗೆ ಗಾಳಿ ಬೇರೆಯಾಗಿತ್ತು. ಶಾಲೆಯ ಮುಂದಿನ ಮೇಪಲ್ ಮರಗಳಿಗೆ ಸೈನಿಕರು ಕ್ಷೇಮವಾಗಿ ಮರಳಲೆಂದು ಹಳದಿ ರಿಬ್ಬನ್ ಬಿದ್ದವು. ಟಿ.ವಿ. ತೆರೆದರೆ ಇರಾಕ್. ಯುದ್ಧಕ್ಕೆ ಒಪ್ಪದ ಫ್ರಾನ್ಸನ್ನು ಜನ ಬೈಯುತ್ತಿದ್ದರು. ಆಗ್ಡನ್ ಅವೆನ್ಯೂದ ಒಂದು ಹೋಟೆಲಿನವರು ಮೆನುವಿನ ಫ್ರೆಂಚ್ ಫ್ರೈಸ್‌ನಲ್ಲಿ ಫ್ರೆಂಚ್ ಎಂಬ ಮಾತಿಗೇ ಗೀಟು ಹೊಡೆದಿದ್ದರು. ಮಕ್ಕಳು ಅದನ್ನು ನೋಡಿ ಬಂದು, "ಮತ್ತೆ ಫ್ರಾನ್ಸು! 1798 ವಾಪಸ್ ಬಂತು" ಎಂದು ಕುಣಿದರು. ನನಗೆ ನಗು ಬರಲಿಲ್ಲ. ಚರ್ಚೆಯ ದಿನವನ್ನು ಮೊದಲೇ ಗೊತ್ತುಮಾಡಿ ಬೋರ್ಡಿನ ಮೇಲೆ ಬರೆದಾಗಿತ್ತು, ಚೀಟಿಗಳನ್ನೂ ಎತ್ತಿಸಿಯಾಗಿತ್ತು.

ಬೇಡವೆನ್ನುವ ಪಕ್ಷದ ಮೊದಲ ಮಾತುಗಾರ್ತಿಯ ಚೀಟಿ ಮೇಗನ್ ಡಾಲ್ಟನ್ ಎಂಬ ಹುಡುಗಿಗೆ ಬಂದಿತ್ತು. ಸಣ್ಣ ಮೈಕಟ್ಟಿನ, ಉಗುರು ಕಚ್ಚುವ ಹುಡುಗಿ. ಚರ್ಚೆಗೆ ಎರಡು ದಿನ ಮುಂಚೆ, ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ನನ್ನ ಮೇಜಿನ ಹತ್ತಿರ ಬಂದಳು.

"ನನಗೆ ಬೇರೆ ಸೈಡ್ ಕೊಡ್ತೀರಾ?"

"ಯಾಕೆ?"

"ನಮ್ಮಣ್ಣ ಮರೀನ್ಸ್‌ನಲ್ಲಿದಾನೆ. ಈಗ ಕುವೈತ್‌ನಲ್ಲಿದಾನೆ, ಇರಾಕ್ ಬಾರ್ಡರ್ ಹತ್ರ."

ಅವಳು ಅಷ್ಟೇ ಹೇಳಿದ್ದು. ನನ್ನ ಕಣ್ಣಿನ ಮುಂದೆ ಹಸಿರು ಶಾಯಿ ನಿಂತಿತು. ಬೇರೆಯವರ ಕೋಣೆ, ಬೇರೆಯವರ ಪಾಠ. ಒಬ್ಬಳಿಗೆ ಬದಲಿಸಿಕೊಟ್ಟರೆ ಹತ್ತು ಜನ ಬರುತ್ತಾರೆ, ಹೊಸ ಟೀಚರ್ ಮೆತ್ತಗೆಂದು ಗೊತ್ತಾಗುತ್ತದೆ. "ಇದು 1798ರ ಯುದ್ಧ ಮೇಗನ್, ಈಗಿಂದಲ್ಲ. ಎಲ್ಲರಿಗೂ ಒಂದೇ ರೂಲ್" ಎಂದೆ. ಅವಳು ತಲೆ ತಗ್ಗಿಸಿ ಹೋದಳು.

ಬುಧವಾರ ಸಂಜೆ ಯುದ್ಧ ಶುರುವಾಯಿತು. ಗುರುವಾರ ಬೆಳಿಗ್ಗೆ ಡಾಕ್ಟರ್ ಬೆಕರ್ ನನ್ನ ಬಾಗಿಲಿಗೆ ಬಂದು, "ಇವತ್ತಿನ ಚರ್ಚೆ ಮುಂದಕ್ಕೆ ಹಾಕೋಣ್ವಾ?" ಎಂದರು. ಹಾಕಿ ಎಂದು ಹೇಳಲಿಲ್ಲ, ಹಾಕೋಣ್ವಾ ಎಂದಷ್ಟೇ ಕೇಳಿದರು. ಮಕ್ಕಳು ತಯಾರಾಗಿದ್ದಾರೆ ಎಂದೆ. ಅವರು ಹೊರಟುಹೋದರು. ಈ ಎರಡು ತೀರ್ಮಾನ ನನ್ನವೇ. ಯಾರೂ ನನ್ನ ಕೈ ಹಿಡಿದು ಮಾಡಿಸಿದ್ದಲ್ಲ.

ಮೇಗನ್ ಕಾಗದ ನೋಡದೆ ಮಾತಾಡಿದಳು. "ಅವಮಾನ ಆಗಿದ್ದು ರಾಯಭಾರಿಗಳಿಗೆ. ಹಡಗು ಕಳಕೊಂಡಿದ್ದು ವ್ಯಾಪಾರಿಗಳು. ಕೂಗಾಡ್ತಿರೋದು ಪೇಪರ್‌ನೋರು. ಯುದ್ಧ ಅಂತ ಆದ್ರೆ ಹಡಗು ಹತ್ತೋದು ಇವರ್ಯಾರೂ ಅಲ್ಲ. ಹತ್ತೊಂಬತ್ತು ವರ್ಷದೋರು. ಅಧ್ಯಕ್ಷರಿಗೆ ಅದು ಗೊತ್ತು. ಅದಕ್ಕೇ ಬೈಸ್ಕೊಂಡ್ರೂ ಪರವಾಗಿಲ್ಲ ಅಂತ ಸುಮ್ನಿದಾರೆ." ಹತ್ತೊಂಬತ್ತು ಎಂಬಲ್ಲಿ ಅವಳ ದನಿ ಒಡೆಯಿತು. ಕೂತವಳೇ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಯುದ್ಧದ ಪಕ್ಷದವರ ಮಾತಿಗೆ ಕಸುವೇ ಇರಲಿಲ್ಲ. ಮತ ಎಣಿಸಿದೆ: ಬೇಡವೆಂದವರು ಹದಿನಾಲ್ಕು, ಬೇಕೆಂದವರು ಹನ್ನೊಂದು. ಯಾರೋ ಇಬ್ಬರು ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ಸಂಜೆಯೊಳಗೆ ಊರಿನಲ್ಲೆಲ್ಲ ಬೇರೆ ಬೇರೆ ರೂಪದಲ್ಲಿ ಹರಡಿತ್ತು. ಎಂಟನೇ ಕ್ಲಾಸಿನ ಮಕ್ಕಳು ಯುದ್ಧದ ವಿರುದ್ಧ ವೋಟ್ ಹಾಕಿದರಂತೆ. ಸೈನಿಕನ ತಂಗಿಯನ್ನು ಎಲ್ಲರೆದುರು ನಿಲ್ಲಿಸಿ ಅಳಿಸಿದರಂತೆ. ಟೀಚರ್ ಹೊರದೇಶದವಳಂತೆ.

ಸೋಮವಾರ ಮೇಗನ್‌ಳ ತಂದೆ ಬಂದರು. ಮನೆಗಳ ಮಾಡು ಹೊದಿಸುವ ಕೆಲಸದವರು, ಬೂಟಿಗೆ ಟಾರು ಮೆತ್ತಿತ್ತು. ಪ್ರಿನ್ಸಿಪಾಲರ ಕೋಣೆಯಲ್ಲಿ ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೂಗಾಡುತ್ತಾರೆಂದು ನಾನು ಹೆದರಿದ್ದೆ. ಅವರು ತೀರ ಮೆಲ್ಲಗೆ ಮಾತಾಡಿದರು.

"ನನ್ನ ಮಗ ಎಲ್ಲಿದಾನೆ ಅಂತ ನನಗೆ ಐದು ದಿನದಿಂದ ಗೊತ್ತಿಲ್ಲ. ಟಿ.ವಿ. ಮುಂದೆ ಕೂತಿರ್ತೀವಿ. ಊಟದ ಹೊತ್ತಲ್ಲಿ ನನ್ನ ಮಗಳು ಹೇಳ್ತಾಳೆ, ಯುದ್ಧ ಮಾಡದೇ ಇದ್ದೋನೇ ಧೈರ್ಯಸ್ಥ ಅಂತ. ನನ್ನ ಹೆಂಡತಿ ಎದ್ದು ಒಳಗೆ ಹೋಗ್ಬಿಟ್ಲು. ಇದನ್ನ ಅವಳ ತಲೆಗೆ ಹಾಕಿದ್ದು ಯಾರು?"

"ಅದು ಬೇರೆ ಯುದ್ಧದ ಪಾಠ, ಮಿಸ್ಟರ್ ಡಾಲ್ಟನ್" ಎಂದೆ.

"ಅವಳಿಗೆ ಒಬ್ಬನೇ ಅಣ್ಣ ಇರೋದು" ಎಂದರು.

ಆ ವಾರವೇ ಮೇಗನ್‌ಳನ್ನು ಬೇರೆ ಸೆಕ್ಷನ್ನಿಗೆ ಹಾಕಿದರು. ಮೂವತ್ತು ಚಿಲ್ಲರೆ ಮನೆಯವರು ಸಹಿ ಮಾಡಿದ ಪತ್ರವೊಂದು ಊರಿನ ಶಾಲೆಗಳನ್ನು ನಡೆಸುವ ಸ್ಕೂಲ್ ಬೋರ್ಡಿಗೆ ಹೋಯಿತು. ಯುದ್ಧಕಾಲದಲ್ಲಿ ಮಕ್ಕಳ ಮನಸ್ಸು ಕೆಡಿಸುವ ಟೀಚರನ್ನು ತೆಗೆಯಬೇಕು ಎಂದು. ಏಪ್ರಿಲ್ ಮೂರನೇ ವಾರ ಬೋರ್ಡಿನ ಸಭೆ. ಡಾಕ್ಟರ್ ಬೆಕರ್ ನನ್ನನ್ನು ಕರೆದು, "ಹೊಸಬಳು, ಗೊತ್ತಾಗಲಿಲ್ಲ, ಕ್ಷಮಿಸಿ ಅಂತ ಹೇಳಿಬಿಡಿ. ಆಮೇಲೆ ನನ್ನ ಕೈಲಾದ್ದು ಮಾಡ್ತೀನಿ" ಎಂದರು. ಕೈಲಾದ್ದು ಎಂದಾಗ ಅವರು ನನ್ನ ಮುಖ ನೋಡಲಿಲ್ಲ.

ಮನೆಗೆ ಬಂದು ಬಸವರಾಜ್‌ಗೆ ಹೇಳಿದೆ. ಅವರು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಕೆಲಸ ಹೋದ ಮೇಲೆ ಅಡುಗೆ ಅವರದೇ ಆಗಿತ್ತು.

"ಪಾಠ ನಿಂದಲ್ಲಲಾ? ಆ ನೊವಾಕಂದು. ಅವ್ನ ಕೈಬರಹ ಐತಿ. ಫೈಲ್ ತಗೊಂಡು ಹೋಗಿ ಟೇಬಲ್ ಮ್ಯಾಲೆ ಇಡು. ಸೈನ್ಯಕ್ಕ ಹೋದಾವನ್ನ ಯಾರ್ ಬೈತಾರ?"

"ಅದೇ ರೀ ನನ್ ಭಯ. ಬೈದ್ರೆ? ಅವರು ಅಲ್ಲಿ ಮರಳಲ್ಲಿದಾರೆ. ಇಲ್ಲಿ ಹೆಂಡತಿ, ಚಿಕ್ಕ ಮಗು."

"ಹಂಗಾರ ಅವ್ನ ಹೆಂಡತಿನ್ನ ಹೋಗಿ ಕೇಳು. ಹೇಳ್ಲ್ಯಾ ಬ್ಯಾಡಾ ಅಂತ."

ಸರಿಯಾದ ಮಾತು. ಮರುದಿನ ಶಾಲೆಯಿಂದ ನೇರವಾಗಿ ಅವರ ಮನೆ ಇದ್ದ ಬೀದಿಗೆ ಡ್ರೈವ್ ಮಾಡಿಕೊಂಡು ಹೋದೆ. ಎದುರು ಬದಿಯಲ್ಲಿ ಕಾರು ನಿಲ್ಲಿಸಿದೆ. ಪಕ್ಕದ ಮನೆಯ ಮುದುಕರೊಬ್ಬರು ನೊವಾಕ್ ಮನೆಯ ಹುಲ್ಲು ಕತ್ತರಿಸುತ್ತಿದ್ದರು. ನೊವಾಕರ ಹೆಂಡತಿ ಲಿಂಡಾ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ನಿಂತು ಅವರೊಡನೆ ಏನೋ ಮಾತಾಡಿ ನಗುತ್ತಿದ್ದರು. ಆ ನಗುವಿನ ಮಧ್ಯೆ ಹೋಗಿ ಏನೆಂದು ಕೇಳುವುದು? ಕೇಳಿದರೆ ಬೇಡವೆಂದುಬಿಡಬಹುದು, ಆಮೇಲೆ ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇದು ಎರಡನೆಯ ಕಾರಣ, ನಿಜವಾದದ್ದು. ಹತ್ತು ನಿಮಿಷ ಕೂತಿದ್ದು ಕಾರು ತಿರುಗಿಸಿದೆ. ಮನೆಯಲ್ಲಿ, ಅವರು ಸಿಗಲಿಲ್ಲ ಎಂದೆ.

ಸಭೆ ಸಂಜೆ ಏಳಕ್ಕೆ, ಶಾಲೆಯ ಲೈಬ್ರರಿಯಲ್ಲಿ. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಮಾತಾಡುವವರು ಮೊದಲೇ ಹೆಸರು ಬರೆಸಬೇಕು, ಒಬ್ಬೊಬ್ಬರಿಗೆ ಮೂರು ನಿಮಿಷ. ನಾನು ಮುಂದಿನ ಸಾಲಿನಲ್ಲಿ ಫೈಲನ್ನು ಬ್ಯಾಗಿನೊಳಗಿಟ್ಟು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಬಸವರಾಜ್ ಪಕ್ಕದಲ್ಲಿದ್ದರು. ತೆಗೆಯುವುದಿಲ್ಲ ಎಂದು ನಿರ್ಧರಿಸಿಯೇ ಬಂದಿದ್ದೆ. ಆ ತರಗತಿಯ ಟೀಚರ್ ನಾನು, ಹೊಣೆ ನನ್ನದು. ಇಷ್ಟು ಹೇಳಿ ಕೂತುಬಿಡುವುದು.

ಡಾಲ್ಟನ್ ಮಾತಾಡಿದರು. "ನಾನು ಓದಿದೋನಲ್ಲ. 1798ರಲ್ಲಿ ಏನಾಯ್ತೋ ನನಗೆ ಗೊತ್ತಿಲ್ಲ. ಈ ತಿಂಗಳು ನಮ್ಮನೇಲಿ ಏನಾಗ್ತಿದೆ ಅಂತ ಗೊತ್ತು" ಎಂದು ಒಂದು ನಿಮಿಷದಲ್ಲೇ ಮುಗಿಸಿದರು. ಅವರ ನಂತರ ಎದ್ದವರಿಗೆ ಆ ಸಂಯಮವಿರಲಿಲ್ಲ. ಒಬ್ಬ ಹೆಂಗಸು, "ನಮ್ಮ ದೇಶದ ಚರಿತ್ರೆ ಕಲಿಸೋಕೆ ನಮ್ಮೋರು ಯಾರೂ ಸಿಗ್ಲಿಲ್ವಾ?" ಎಂದು ಕೇಳಿದಳು. ಚಪ್ಪಾಳೆ ಬಿತ್ತು. ಇನ್ನೊಬ್ಬ, "ಅವಳು ನಮ್ಮ ಮಕ್ಕಳಿಗೆ ಯಾರ ಪರವಾಗಿ ಪಾಠ ಮಾಡ್ತಿದಾಳೆ?" ಎಂದ.

ಎಂಟು ಜನ ಆದ ಮೇಲೆ ಬೋರ್ಡಿನ ಅಧ್ಯಕ್ಷರು, ಬಿಳಿಗಡ್ಡದ ದಂತವೈದ್ಯರು, ಪಟ್ಟಿಯನ್ನು ಪಕ್ಕಕ್ಕಿಟ್ಟು ನನ್ನತ್ತ ನೋಡಿದರು. "ಮಿಸೆಸ್ ಪಾಟೀಲ್, ಒಂದು ಪ್ರಶ್ನೆ. ಮಕ್ಕಳ ಕೈಲಿ ಯುದ್ಧದ ಮೇಲೆ ವೋಟ್ ಹಾಕ್ಸೋ ಈ ಯೋಚನೆ ಯಾರದ್ದು?"

ನಾನು ಎದ್ದು ನಿಂತೆ. ಹೊಣೆ ನನ್ನದು ಎನ್ನಲು ಬಾಯಿ ತೆರೆದೆ. ಯಾರೋ ಹಿಂದಿನಿಂದ, "ಹೇಳ್ರೀ" ಎಂದು ಕೂಗಿದರು. ನನ್ನ ಕೈ ತಾನಾಗಿ ಬ್ಯಾಗಿನೊಳಗೆ ಹೋಯಿತು. ಕಪ್ಪು ಫೈಲನ್ನು ತೆಗೆದು ಎತ್ತಿ ಹಿಡಿದೆ.

"ಮಿಸ್ಟರ್ ನೊವಾಕ್ ಅವರದ್ದು. ಇದು ಅವರ ಕೈಬರಹ. ಪ್ರತಿವರ್ಷ ಅವರು ಇದನ್ನ ಮಾಡಿಸ್ತಿದ್ರು. ನಾನು ಅವರು ಬರೆದ ಹಾಗೇ ಮಾಡಿದೀನಿ." ಅಷ್ಟಕ್ಕೆ ನಿಲ್ಲಿಸಲಿಲ್ಲ. ಹಸಿರು ಶಾಯಿಯ ಟಿಪ್ಪಣಿಯನ್ನು ಓದಿ ಹೇಳಿದೆ, ಕೊನೆಯ ಅಕ್ಷರದವರೆಗೆ.

ಯಾರ ಪರವಾಗಿ ಎಂದು ಕೇಳಿದವನು ನೆಲ ನೋಡಿದ. ಒಂದು ಕ್ಷಣ, ನಾಚಿಕೆಯಿಲ್ಲದೆ ಹೇಳುತ್ತೇನೆ, ಗೆದ್ದೆ ಅನಿಸಿತು.

ಅಧ್ಯಕ್ಷರು ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡು ಒಂಬತ್ತನೆಯ ಹೆಸರು ಓದಿದರು. "ಲಿಂಡಾ ನೊವಾಕ್."

ಕೊನೆಯ ಸಾಲಿನಿಂದ ಆಕೆ ಎದ್ದರು. ಅವರು ಬಂದದ್ದನ್ನು ನಾನು ನೋಡಿರಲಿಲ್ಲ. ಕೈಯಲ್ಲಿ ಮಡಿಸಿದ ಒಂದು ಹಾಳೆ. ಮೈಕಿನ ಹತ್ತಿರ ಬಂದು ಅದನ್ನು ಬಿಡಿಸಿದರು, ನೋಡಿದರು, ಮತ್ತೆ ಮಡಿಸಿದರು.

"ನಾನು ಇದನ್ನೇ ಹೇಳೋಕೆ ಬಂದಿದ್ದೆ. ಇಲ್ಲಿ ನಡೀತಿರೋದನ್ನ ನನ್ನ ಗಂಡ ಡೇವ್‌ಗೆ ಇ-ಮೇಲ್ ಮಾಡಿದ್ದೆ. ಪಾಠ ನನ್ನದು ಅಂತ ನೀನೇ ಹೋಗಿ ಹೇಳು, ಆ ಟೀಚರ್ ಹೇಳೋ ಹಾಗೆ ಆಗಬಾರದು ಅಂತ ಬರೆದಿದಾರೆ." ನನ್ನ ಕಡೆ ತಿರುಗಿ ನೋಡಿದರು. ಸಿಟ್ಟಿರಲಿಲ್ಲ, ಬಹಳ ದಣಿದಿದ್ದರು. "ಇನ್ನು ನನಗೆ ಹೇಳೋಕೆ ಏನೂ ಉಳಿದಿಲ್ಲ."

ಗಂಡನ ಹೆಸರನ್ನು ತಾವೇ ಕೊಡಲೆಂದು ಕೈಯಲ್ಲಿ ಹಿಡಿದು ಬಂದಿದ್ದರು. ನಾನು ಕೇಳದೆ ಕಿತ್ತುಕೊಂಡಿದ್ದೆ. ಅದೂ ಐದೇ ಐದು ನಿಮಿಷ ಮುಂಚೆ.

ಬೋರ್ಡು ಏನೂ ಕ್ರಮ ತೆಗೆದುಕೊಳ್ಳಲಿಲ್ಲ. ನನ್ನ ಕೆಲಸ ಉಳಿಯಿತು. ಸ್ನೇಹಾಳ ಇನ್‌ಹೇಲರ್ ಬರುತ್ತಲೇ ಇತ್ತು. ಎರಡು ವಾರದ ನಂತರ ಮೇಗನ್ ನನ್ನ ಸೆಕ್ಷನ್ನಿಗೆ ವಾಪಸು ಬಂದು ಕಿಟಕಿಯ ಪಕ್ಕ ಕೂತಳು. ಮೇ ತಿಂಗಳಲ್ಲಿ ಎಲ್ಲ ಮಕ್ಕಳೂ ಬರೆಯಲೇಬೇಕಾದ ಸಂವಿಧಾನದ ಪರೀಕ್ಷೆಯನ್ನು ಚೆನ್ನಾಗಿಯೇ ಬರೆದಳು. ನನ್ನೊಡನೆ ಮಾತಾಡಲಿಲ್ಲ.

ಪೆಟ್ಟು ಬಿದ್ದದ್ದು ನೊವಾಕ್ ಮನೆಗೆ. ಯಾರೋ ಫೋನ್ ಮಾಡಿ ಬೈದು ಇಡುತ್ತಿದ್ದರಂತೆ, ಲಿಂಡಾ ನಂಬರನ್ನೇ ಬದಲಿಸಿದರು. ಒಂದು ದಿನ ಆ ಬೀದಿಯಲ್ಲಿ ಹೋಗುವಾಗ ನೋಡಿದೆ. ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು, ಪಕ್ಕದ ಮನೆಯ ಮುದುಕರು ಬರುವುದನ್ನು ನಿಲ್ಲಿಸಿದ್ದರು. ಮನೆಗೆ ಬಂದು ಅಂದು ಕಾರು ತಿರುಗಿಸಿದ್ದನ್ನೂ ಸೇರಿಸಿ ಎಲ್ಲವನ್ನೂ ಬಸವರಾಜ್‌ಗೆ ಹೇಳಿದೆ. ಅವರು, "ನನಗ ಸುಳ್ಳು ಹೇಳಬಾರದಿತ್ತು ನೀ" ಎಂದರು. ಶನಿವಾರ ಬೆಳಿಗ್ಗೆ ಟೋಪಿ ಹಾಕಿಕೊಂಡು ಹೊರಟರು.

"ಎಲ್ಲಿಗೆ?"

"ಹುಲ್ಲ ಕೊಯ್ಯಾಕ."

ಅಪಾರ್ಟ್‌ಮೆಂಟಿನವರಾದ ನಮ್ಮಲ್ಲಿ ಯಂತ್ರವಿರಲಿಲ್ಲ. ಲಿಂಡಾರ ಬಾಗಿಲು ತಟ್ಟಿ, ನಾನು ಆ ಟೀಚರ್ ಗಂಡ ಎಂದು ಹೇಳಿ, ಅವರದೇ ಯಂತ್ರವನ್ನು ಗ್ಯಾರೇಜಿನಿಂದ ತೆಗೆಸಿಕೊಂಡರಂತೆ. ಅಕ್ಟೋಬರಿನವರೆಗೆ ಪ್ರತಿ ಶನಿವಾರ ಹೋದರು; ಆಗಸ್ಟಿನಲ್ಲಿ ಹೊಸ ಕೆಲಸ ಸಿಕ್ಕ ಮೇಲೂ ಬಿಡಲಿಲ್ಲ. ಲಿಂಡಾ ಅವರಿಗೆ ತಣ್ಣೀರು ತಂದುಕೊಡುತ್ತಿದ್ದರು. ನನ್ನ ಸುದ್ದಿ ಒಮ್ಮೆಯೂ ಕೇಳಲಿಲ್ಲ.

ನೊವಾಕ್ ವಾಪಸು ಬಂದದ್ದು ಮರುವರ್ಷದ ಬೇಸಿಗೆಗೆ. ಅಷ್ಟರಲ್ಲಿ ಅದೇ ಬೋರ್ಡಿನ ಇನ್ನೊಂದು ಶಾಲೆಯಲ್ಲಿ ನನಗೆ ಕಾಯಂ ಕೆಲಸವಾಗಿತ್ತು. 114ನೇ ಕೋಣೆಯ ಬೀಗದ ಕೈ ಹಿಂದಿರುಗಿಸಲು ಹೋದೆ. ಅವರು ಇಳಿದುಹೋಗಿದ್ದರು, ಅಂಗಿಯ ಕಾಲರಿನೊಳಗೆ ಕುತ್ತಿಗೆ ಸಡಿಲವಾಗಿ ಕಾಣುತ್ತಿತ್ತು. ಕ್ಷಮೆ ಕೇಳುವ ಮಾತುಗಳನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ. ಅರ್ಧಕ್ಕೇ ಅವರು ಕೈ ಅಡ್ಡ ಮಾಡಿದರು.

"ನನ್ನ ಹೆಸರು ಹೇಳಿದ್ದು ಬಿಡಿ. ಹೇಳ್ಬೇಕಿತ್ತು. ಲಿಂಡಾಗೆ ಸ್ವಲ್ಪ ಬೇಜಾರಾಯ್ತು, ಅವಳು ತಡ್ಕೋತಾಳೆ. ನಾನು ಇನ್ನೊಂದು ಕೇಳ್ಬೇಕು. ಮೇಗನ್ ಸೈಡ್ ಬದಲಿಸಿ ಅಂತ ಕೇಳಿದ್ಲಾ?"

"ಕೇಳಿದ್ಲು."

"ನೀವು?"

"ಆಗಲ್ಲ ಅಂದೆ. ನೀವು ಬರೆದಿದ್ರಲ್ಲ, ಯಾರಿಗೂ ಆರಿಸೋಕೆ ಬಿಡಬೇಡಿ ಅಂತ."

ಅವರು ಮೇಜಿನ ಅಂಚಿನ ಮೇಲೆ ಕೂತರು. "ಬರೆದಿದ್ದೆ, ಹೌದು. ಆದ್ರೆ ಯಾವ ಮಗುವಾದ್ರೂ ಒಂಟಿಯಾಗಿ ಬಂದು ಕೇಳಿದ್ರೆ ನಾನು ಯಾವಾಗ್ಲೂ ಬದಲಿಸಿಕೊಟ್ಟಿದೀನಿ. ಅದನ್ನ ಬರೀಬೇಕು ಅಂತ ನನಗೆ ಹೊಳೀಲೇ ಇಲ್ಲ." ಕೊನೆಗೆ, "ತಪ್ಪು ನನ್ನದೂ ಇದೆ" ಎಂದರು.

ಒಂದು ವರ್ಷಕ್ಕೂ ಮೀರಿ ನಾನು ಹೊತ್ತು ತಿರುಗಿದ್ದು ಬೇರೆ ತಪ್ಪನ್ನು. ಬೋರ್ಡಿನ ಸಭೆ, ಕಪ್ಪು ಫೈಲು, ಲಿಂಡಾರ ಮಡಿಸಿದ ಹಾಳೆ. ಅದಕ್ಕೂ ಮುಂಚಿನದು, ಗಂಟೆ ಹೊಡೆದ ಮೇಲೆ ಒಬ್ಬಳೇ ಮೇಜಿನ ಹತ್ತಿರ ಬಂದ ಹುಡುಗಿಯದು, ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಎರಡನೆಯ ಅಧ್ಯಕ್ಷರು ಕೂಗುವ ದೇಶದೆದುರು ಒಬ್ಬರೇ ನಿಂತರೆಂದು ಪಾಠ ಮಾಡಿದವಳು ನಾನು. ಒಂದು ಮಗು ಹತ್ತಿರ ಬಂದು ಮೆಲ್ಲಗೆ ಹೇಳಿದ್ದು ಕೇಳಿಸಲಿಲ್ಲ.

ಅಲ್ಲಿಂದ ಮನೆಗೆ ಹೋಗದೆ ಡಾಲ್ಟನ್ನರ ಮನೆಗೆ ಹೋದೆ. ಈ ಸಲ ಕಾರು ನಿಲ್ಲಿಸಿದವಳೇ ಇಳಿದೆ. ಡಾಲ್ಟನ್ ಡ್ರೈವ್‌ವೇಯಲ್ಲಿ ಏಣಿಗಳನ್ನು ಟ್ರಕ್ಕಿಗೆ ಏರಿಸುತ್ತಿದ್ದರು. ನನ್ನನ್ನು ನೋಡಿ ಏಣಿಯನ್ನು ಅರ್ಧಕ್ಕೇ ಇಳಿಸಿದರು.

"ಮೇಗನ್ ಹತ್ರ ಎರಡು ಮಾತಾಡಬೇಕಿತ್ತು. ನೀವು ಬೇಡ ಅಂದ್ರೆ ಹೋಗ್ತೀನಿ."

ಗ್ಯಾರೇಜಿನೊಳಗೆ ತಲೆ ನುಣ್ಣಗೆ ಬೋಳಿಸಿದ ಹುಡುಗನೊಬ್ಬ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತ ಕೂತಿದ್ದ. ಹಿಂದಿನ ಸೆಪ್ಟೆಂಬರಿನಲ್ಲಿ ವಾಪಸು ಬಂದ ಅಣ್ಣ. ಡಾಲ್ಟನ್ ಒಳಗೆ ಹೋಗಿ ಒಂದು ಮಡಚುವ ಕುರ್ಚಿ ತಂದು ನೆರಳಿನಲ್ಲಿ ಬಿಡಿಸಿದರು. "ಪ್ರಾಕ್ಟೀಸಿಂದ ಬರ್ತಾಳೆ, ಕೂತ್ಕೊಳ್ಳಿ" ಎಂದು ಮತ್ತೆ ಏಣಿಗೆ ಕೈ ಹಾಕಿದರು.

ಅರ್ಧ ಗಂಟೆಗೆ ಅವಳು ಬಂದಳು. ಎತ್ತರವಾಗಿದ್ದಳು. ನಾನು ಎದ್ದು ನಿಂತೆ.

"ಆವತ್ತು ಸೈಡ್ ಬದಲಿಸಿ ಅಂತ ನೀನು ಕೇಳಿದೆ. ನಾನು ಕೊಡಬೇಕಿತ್ತು, ಮೇಗನ್. ಕೊಡಲಿಲ್ಲ. ತಪ್ಪಾಯ್ತು."

"ಹೌದು, ಕೊಡಬೇಕಿತ್ತು" ಎಂದಳು. ಪರವಾಗಿಲ್ಲ ಎನ್ನಲಿಲ್ಲ. ಬ್ಯಾಗನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಬದಲಿಸಿ, ಗ್ಯಾರೇಜಿನ ಕಡೆ ನೋಡಿ, ದನಿ ತಗ್ಗಿಸಿದಳು. "ಅಣ್ಣ ವಾಪಸ್ ಬಂದ್ಮೇಲೆ, ಆ ಚರ್ಚೇಲಿ ನೀನು ಏನು ಹೇಳಿದ್ದು ಅಂತ ನನ್ನ ಕೇಳಿದ. ಹೇಳಿ ತೋರಿಸಿದೆ. ಪೂರ್ತಿ."

"ಏನಂದ?"

"ಇನ್ನೊಂದ್ಸಲ ಹೇಳು ಅಂದ."